ತಂಗಿಯ ರೆಕಾರ್ಡು ವಾಪಸ್

ಜುಲೈ ೮, ಸೋಮವಾರ

ಬಂತು. ಮಹಾರಾಣಿಯವರ ರೆಕಾರ್ಡು ಬಂತು.

ಕೊರಿಯರ್‌ನವನು ಬಾಗಿಲಲ್ಲಿ ನಿಂತು ನಮ್ಮ ಮನೆಯವರ ಹೆಸರು ಕೂಗಿದಾಗ ಇವರು ಜಹೀರಾಬಾದ್ ಬಸ್ ಸ್ಟ್ಯಾಂಡಿನ ಹತ್ತಿರದ ನಮ್ಮ ಮೈಕ್ ಸೆಟ್ ಅಂಗಡಿಯಲ್ಲಿದ್ದರು. ನಾನೇ ಸಹಿ ಮಾಡಿ ತೆಗೆದುಕೊಂಡೆ. ರೊಟ್ಟಿ ಹಂಚಿಗಿಂತ ದೊಡ್ಡ ಚೌಕದ ಕವರು, ಅದರ ಮೇಲೆ ಬೀಸುವ ಕಲ್ಲಿನ ಚಿತ್ರ, ಕೆಳಗೆ ಕನ್ನಡದಲ್ಲೂ ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಒಂದೇ ಹೆಸರು: ಮಂಗಲಾ. ನನ್ನ ಒಡಹುಟ್ಟಿದ ತಂಗಿ. ಮೂರು ಭಾಷೆಯಲ್ಲೂ ಓದಿದೆ. ಒಂದರಲ್ಲೂ ಜಗದೇವಿ ಎಂಬ ನನ್ನ ಹೆಸರಿರಲಿಲ್ಲ.

ಈ ಸಂಕ್ರಾಂತಿಗೆ ಹೈದರಾಬಾದಿನ ರೆಕಾರ್ಡ್ ಕಂಪನಿಯವರು ಬೀಸುವ ಪದ ಹುಡುಕಿಕೊಂಡು ಮನೂರಿನ ಕಡೆಯ ಹಳ್ಳಿಗಳನ್ನೆಲ್ಲ ತಿರುಗಿ ನಮ್ಮ ತವರಿಗೂ ಬಂದಿದ್ದರು. ನಾನು ಅದೇ ಹೊತ್ತಿಗೆ ಇವರ ಕಣ್ಣಿನ ಪೊರೆ ತೆಗೆಸಲು ಹೈದರಾಬಾದಿನಲ್ಲಿ ಕೂತಿದ್ದೆ. ಅವರು ಅಲ್ಲಿಂದ ಇಲ್ಲಿಗೆ, ನಾನು ಇಲ್ಲಿಂದ ಅಲ್ಲಿಗೆ. ತಾಂಡೂರಿನ ಗಂಡನ ಮನೆಯಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿನ್ನಲು ತವರಿಗೆ ಬಂದಿದ್ದ ಮಂಗಲಾಳ ಮುಂದೆ ಮೈಕು ಹಿಡಿದರು. ಅವಳು ಹಾಡಿದಳು. ಅಷ್ಟೇ ಕಥೆ.

ಆ ಪದಗಳನ್ನು ಅಜ್ಜಿಯ ಎದುರಿಗೆ ಕೂತು, ಬೀಸುವ ಕಲ್ಲಿನ ಗೂಟ ಹಿಡಿದು ಕಲಿತವಳು ನಾನು. ಅವಳಿಗೆ ಕಲಿಸಿದವಳೂ ನಾನು. ಇಲ್ಲಿ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಸೋಮವಾರದ ಭಜನೆಯಲ್ಲಿ ಇಷ್ಟು ವರ್ಷದಿಂದ ಗಂಟಲು ಹರಿದುಕೊಳ್ಳುತ್ತಿರುವವಳೂ ನಾನೇ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಬಂದು ಸೇರಿಕೊಂಡಿತು ಅನ್ನುವುದು ಸುಳ್ಳಲ್ಲ.

ಇರಲಿ. ಜಗಳ ಅವಳೊಂದಿಗೆ, ವಸ್ತುವಿನೊಂದಿಗಲ್ಲ. ಹೊಸದು ಮನೆಗೆ ಬಂದ ಮೇಲೆ ನಮ್ಮಲ್ಲಿ ಸುಮ್ಮನೆ ಬಳಸುವ ಪದ್ಧತಿ ಇಲ್ಲ. ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಆ ಕರಿ ತಟ್ಟೆಯ ಮೇಲೆ ಮೂರು ಬೆರಳಿನಿಂದ ಮೂರು ಗೆರೆ ಎಳೆದು, ದೇವರ ಜಗಲಿಯ ಮುಂದಿಟ್ಟು ಊದುಬತ್ತಿ ಬೆಳಗಿದೆ. ಆಮೇಲೆ ಹಸಿ ಬಟ್ಟೆಯಿಂದ ಒರೆಸಿ ಕವರಿಗೆ ಸೇರಿಸಿದೆ. ಮಿಕ್ಸರಿಗೆ, ಇವರ ಮೊಬೈಲಿಗೆ, ಅಂಗಡಿಯ ಆಂಪ್ಲಿಫೈಯರಿಗೆ ಎಲ್ಲಕ್ಕೂ ಹೀಗೇ ಮಾಡಿದ್ದೇನೆ. ಎಲ್ಲವೂ ನಡೆಯುತ್ತಿವೆ.

ಮಧ್ಯಾಹ್ನ ಇವರು ಊಟಕ್ಕೆ ಬಂದವರು ಅರ್ಧ ರೊಟ್ಟಿ ಬಿಟ್ಟು ಎದ್ದರು. ಮಂಚದ ಕೆಳಗಿನಿಂದ ಮಾವನವರ ಕಾಲದ ರೆಕಾರ್ಡ್ ಮೆಷಿನ್ನು ಎಳೆದರು. ಆಗೆಲ್ಲ ಮದುವೆ ಮನೆಗಳಲ್ಲಿ ಅದನ್ನೇ ಹಚ್ಚುತ್ತಿದ್ದರಂತೆ. ಸೂಜಿಯನ್ನು ಎರಡು ಸಲ ಊದಿ, ಬಗ್ಗಿ ನೋಡಿ ಇಟ್ಟರು. ನನಗೆ ತಾಳಿ ಕಟ್ಟುವಾಗಲೂ ಇಷ್ಟು ಜೋಪಾನ ಮಾಡಿರಲಿಲ್ಲ.

ಖರ್ ಖರ್ ಖರ್. ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ. ಅದರ ನಡುವೆ ಅವಳ ದನಿ ಒಂದು ಸಾಲು ಬಂತು, ಎರಡನೆಯದಕ್ಕೆ ಸಿಕ್ಕಿಕೊಂಡಿತು. "ಕೈಯ ಬಳೆಯ ಸಪ್ಪಳಕ ಕಲ್ಲವ್ವ ನೀ ಸಾಕ್ಷಿ, ನೀ ಸಾಕ್ಷಿ, ನೀ ಸಾಕ್ಷಿ, ನೀ ಸಾಕ್ಷಿ..."

"ಹೊಸಾ ತಟ್ಟಿ ಹಿಂಗ್ಯಾಕ ಒದರ್ತದ? ಸೂಜಿ ಸವದದೇನೋ," ಎಂದರು ಇವರು.

"ಸೂಜಿ ಮೊನ್ನೆರ ಹೊಸಾದು ತಂದೀರಿ. ತಟ್ಟೀನ ಖರಾಬ್ ಅದ."

ಹಳೆಯದೊಂದು ರೆಕಾರ್ಡು ಹಚ್ಚಿ ನೋಡಿದರು. ಅದು ಚೆನ್ನಾಗಿ ಹಾಡಿತು. ಅಂದಮೇಲೆ ತಪ್ಪು ಯಾರದೆಂದು ಗೊತ್ತಾಯಿತಲ್ಲ. ನನಗೆ ಖುಷಿಯಾಯಿತು. ಇದು ನನ್ನ ಪುಸ್ತಕ, ಇಲ್ಲಿ ಯಾರಿಗೆ ಹೆದರಲಿ? ಬಹಳ ಖುಷಿಯಾಯಿತು.

ಜುಲೈ ೯, ಮಂಗಳವಾರ

ಬೆಳಿಗ್ಗೆ ಪಕ್ಕದ ಮನೆ ಶಂಕರಮ್ಮ ಗೋಡೆಯ ಮೇಲಿನಿಂದ ಇಣುಕಿ, "ನಿನ್ನಿ ಹಾಡಿದಾಕಿ ನಿಮ್ಮ ತಂಗೇನವ್ವ? ಎಂಥಾ ದನಿ! ಎರಡ ಸಾಲಿಗೇ ನನಗ ನಮ್ಮವ್ವ ನೆನಪಾದ್ಲು," ಎಂದಳು. ಹದಿನೈದು ವರ್ಷ ನನ್ನ ಭಜನೆ ಕೇಳಿದ ಶಂಕರಮ್ಮನಿಗೆ ಒಮ್ಮೆಯೂ ಅವ್ವ ನೆನಪಾಗಿರಲಿಲ್ಲ.

ಒಳಗೆ ಬಂದವಳೇ ಕಂಪನಿಗೆ ಫೋನ್ ಹಚ್ಚಿದೆ. ಸ್ವರೂಪಾ ಎಂಬ ಹುಡುಗಿ ಎತ್ತಿದಳು. ತೆಲುಗಿನಲ್ಲಿ ಶುರು ಮಾಡಿದವಳು ನನ್ನ ಮಾತು ಕೇಳಿ ನಕ್ಕು, "ನಾನೂ ನಾಗಲಗಿದ್ದ ಊರಾಕಿರಿ ಅಮ್ಮ, ಕನ್ನಡದಾಗೇ ಹೇಳ್ರಿ. ಆ ಪದಾ ರೆಕಾರ್ಡ್ ಮಾಡಾಕ ಬಂದಾಕಿ ನಾನೇ," ಎಂದಳು. ಖರಾಬಾದದ್ದನ್ನು ವಾಪಸ್ ಕಳಿಸಿದರೆ ಬೇರೆ ಕೊಡುತ್ತಾರಂತೆ. ಆದರೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ವಿಡಿಯೋ ಬೇಕಂತೆ. ಫೋನಿನಲ್ಲಿ ಕೇಳುವ ಹಾಗೆ ಈ ಹಾಡು ಹಾಕಿಲ್ಲವೇ ಎಂದೆ. "ಇಲ್ಲರಿ, ಇದು ತಟ್ಟಿ ಮ್ಯಾಲ ಮಾತ್ರ," ಎಂದಳು.

ಇವರು ಸೂಜಿ ಇಟ್ಟರು, ನಾನು ವಿಡಿಯೋ ಮಾಡಿದೆ. "ಇರ್ಲಿ ಬಿಡು, ಮುಂದಿನ ಪದಾನರ ಕೇಳಮು," ಎಂದರು. ವಾಪಸ್ ಕೊಡುವ ಮಾಲನ್ನು ಮತ್ತೆ ಮತ್ತೆ ಬಳಸಬಾರದು ಎಂದು ಸೂಜಿ ಎತ್ತಿಬಿಟ್ಟೆ.

ವಿಡಿಯೋ ಕಂಪನಿಗೆ ಕಳಿಸಿ, ತಟ್ಟೆಯನ್ನೂ ಕೊರಿಯರಿಗೆ ಹಾಕಿದೆ. ತವರಿನವರ ವಾಟ್ಸಾಪ್ ಗುಂಪಿಗೂ ಕಳಿಸಿದೆ. ಕೆಳಗೆ, "ನಮ್ಮ ಮಂಗಲಾಬಾಯಿ ಒಂದೇ ಮಾತು ಎಷ್ಟ ಸಲಾ ಹೇಳ್ತಾರ ನೋಡ್ರಿ," ಎಂದು ಬರೆದೆ. ತಮ್ಮ ಬಂಡೆಪ್ಪ ನಗುವ ಮುಖಗಳನ್ನು ಸಾಲಾಗಿ ಹಾಕಿದ. ಅವನ ಹೆಂಡತಿಯೂ ಹಾಕಿದಳು. ಮಂಗಲಾ ಮಾತ್ರ ಕೈ ಮುಗಿದ ಚಿತ್ರವೊಂದನ್ನು ಹಾಕಿ ಸುಮ್ಮನಾದಳು. ಮುಂಚೆ ಆಗಿದ್ದರೆ ಆ ಕ್ಷಣವೇ ಫೋನ್ ಮಾಡಿ ನನ್ನ ಜನ್ಮ ಜಾಲಾಡುತ್ತಿದ್ದಳು. ಈಗ ಕವರಿನ ಮೇಲೆ ಹೆಸರು ಬಂದಿದೆ. ನಮ್ಮಂಥವರ ಜೊತೆ ಜಗಳಕ್ಕೂ ಬರುವುದಿಲ್ಲ.

ಜುಲೈ ೧೯, ಶುಕ್ರವಾರ

ಬದಲಿ ರೆಕಾರ್ಡು ಬಂತು. ಮತ್ತೆ ವಿಭೂತಿ ಹಚ್ಚಿ, ಜಗಲಿಗೆ ತೋರಿಸಿ, ಒರೆಸಿ ಇಟ್ಟೆ. ಈ ಸಲ ಗೆರೆ ಸ್ವಲ್ಪ ದಪ್ಪವಾಗಿಯೇ ಎಳೆದೆ. ಹೋದ ಸಲ ಏನೋ ಕಣ್ಣು ಬಿದ್ದಿರಬೇಕು ಎಂದು ಇವರು ಅಂದಿದ್ದರು.

ಸೂಜಿ ಇಟ್ಟರು. ಖರ್ ಖರ್ ಖರ್. ಈ ಸಲ ಮೊದಲ ಸಾಲಿಗೇ ನಿಂತಿತು.

ಇವರು ತಲೆ ಕೆಳಗೆ ಹಾಕಿ ಕೂತರು. ನಾನು ನಗು ತಡೆದುಕೊಂಡು ಅಡುಗೆ ಮನೆಗೆ ಹೋದೆ. ಒಂದು ಕೆಟ್ಟರೆ ಗ್ರಹಚಾರ, ಎರಡೂ ಕೆಟ್ಟರೆ ಮಾಲೇ ಕೆಟ್ಟದ್ದು.

ಜುಲೈ ೨೦, ಶನಿವಾರ

ಸ್ವರೂಪಾಳಿಗೆ ಉದ್ದ ಮೆಸೇಜ್ ಹಾಕಿದೆ. ಮಂಗಲಾಳಿಗೂ ಫೋನ್ ಮಾಡಿದೆ, ಸುದ್ದಿ ನನ್ನ ಬಾಯಿಂದಲೇ ತಿಳಿಯಲಿ ಎಂದು. ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಮೆಸೇಜ್ ಬಂತು: "ಅಕ್ಕಾ ಆರಾಮಿದ್ದೀನಿ. ನೀ ಹ್ಯಾಂಗಿದ್ದಿ?" ಆರಾಮಿಲ್ಲದೆ ಏನು. ನಾನೇನು ಅವಳ ಆರಾಮು ಕೇಳಲು ಮಾಡಿದ್ದೆನೇ?

ಜುಲೈ ೨೩, ಮಂಗಳವಾರ

ನಾರಾಯಣಖೇಡಕ್ಕೆ ಹೋಗಿ ಬಂದೆ. ಬಕ್ಕಪ್ಪ ಮಾವ, ಅಂದರೆ ನಮ್ಮ ಅವ್ವನ ತಮ್ಮ, ಅಕ್ಕನ ಮಕ್ಕಳ ಮೇಲೆ ಪ್ರೀತಿಯಿಂದ ತಾನೂ ಒಂದು ರೆಕಾರ್ಡು ತರಿಸಿದ್ದಾನೆ. ಮಗ ಪೆಟ್ಟಿಗೆಯಂಥ ಸಣ್ಣ ಮೆಷಿನ್ನು ತಂದುಕೊಟ್ಟಿದ್ದಾನೆ. ಕವರಿನ ಮೇಲೆ ಕುಂಕುಮದ ಬೊಟ್ಟು, ಅಂಚಿಗೆ ವಿಭೂತಿಯ ಬಿಳಿ. ಮಾವನ ಹೆಂಡತಿ ಮೋನಮ್ಮತ್ತೆ ಈ ವಯಸ್ಸಿನಲ್ಲೂ ಪದ್ಧತಿ ಬಿಟ್ಟಿಲ್ಲ ಎಂದು ಸಮಾಧಾನವಾಯಿತು.

ಹಚ್ಚಿದರು. ಖರ್ ಖರ್ ಖರ್!

"ಇದು ಹಿಂಗ ಅನ್ನಾಕತ್ತು ಎಷ್ಟ ದಿನಾ ಆತು ಮಾವಾ?" ಎಂದೆ.

"ಅನ್ನಲಿ ಬಿಡವ್ವ. ಬೀಸೂ ಕಲ್ಲಿನ ಸಪ್ಪಳಾನೂ ಹಿಡದಾರಂತ ನಾ ತಿಳಕೊಂಡೀನಿ. ನನಗ ಭಾಳ ಪಸಂದ್ ಆಗ್ಯದ," ಎಂದ ಮಾವ.

ಮೋನಮ್ಮತ್ತೆ ಮೂಲೆಯಲ್ಲಿ ಕೂತು ಆ ಖರ್ ಖರ್‌ಗೇ ತಲೆ ಆಡಿಸುತ್ತಿದ್ದಳು. ಇದು ಕಲ್ಲಿನ ಸಪ್ಪಳವಲ್ಲ, ನಿಮಗೆ ಮೋಸವಾಗಿದೆ ಎಂದು ತಿಳಿಹೇಳಿದೆ. ಮುದುಕನ ಮುಖ ಬಾಡಿತು. ಒಲ್ಲೆ ಒಲ್ಲೆ ಎಂದರೂ ಕೇಳದೆ ಅದನ್ನೂ ಕಟ್ಟಿಸಿಕೊಂಡು ಬಂದೆ. ನಾಳೆ ಎರಡನ್ನೂ ಕೂಡಿಸಿ ಕಳಿಸುವುದು. ಮೂರಕ್ಕೆ ಮೂರೂ ಖರಾಬು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರುವಾಗ ಗೆದ್ದ ಕೇಸಿನ ಕಾಗದ ಹಿಡಿದಂತೆ ಅನಿಸುತ್ತಿತ್ತು.

ಜುಲೈ ೨೭, ಶನಿವಾರ

ಸ್ವರೂಪಾ ಫೋನ್ ಮಾಡಿದ್ದಳು. ನನ್ನ ದೂರು ಮಾಲೀಕರ ತನಕ ಹೋಗಿದೆ. ಮಂಗಲಾಳ ರೆಕಾರ್ಡು ಮಾರುವುದನ್ನೇ ನಿಲ್ಲಿಸಿದ್ದಾರೆ. ಗೋಡೌನಿನಲ್ಲಿ ಉಳಿದದ್ದನ್ನೆಲ್ಲ ಫ್ಯಾಕ್ಟರಿಗೆ ಕಳಿಸಿ ಒಡೆಸುತ್ತಾರಂತೆ. ಮತ್ತೆ ಹೊಸದಾಗಿ ಮಾಡಿಸುವ ಶಕ್ತಿ ಅವರಿಗಿಲ್ಲವಂತೆ.

"ಒಡಿಯೂದಕ್ಕಿಂತ ಮುಂಚೆ ಬಿಚ್ಚಲಾರದ್ದು ಒಂದು ನೋಡಬೇಕರಿ. ಹಾಡಿದವ್ರಿಗಿ ಕೊಟ್ಟಿದ್ದು ಮೊದಲನೇ ಸಲದ ಮಾಲು, ಅದು ನಮ್ಮ ಕಡಿ ಒಂದೂ ಉಳದಿಲ್ಲ. ಆದ್ರ ಮಂಗಲಮ್ಮಾರು ಫೋನ್ ಎತ್ತವಲ್ರು, ಬರೇ ಮೆಸೇಜ್ ಹಾಕ್ತಾರ. ನೀವರ ತಂದುಕೊಡ್ತೀರೇನ್ರಿ?"

ತಂದುಕೊಡುತ್ತೇನೆ ಎಂದೆ. ನಾನೇ ಹೋಗಿ ಆ ಮುಖ ನೋಡಬೇಕು.

ಇವರು ಊಟದ ಹೊತ್ತಿನಲ್ಲಿ, "ನಿಂದು ದೂರು ತಟ್ಟಿ ಮ್ಯಾಲೋ, ತಂಗಿ ಮ್ಯಾಲೋ?" ಎಂದರು. ಇವರ ತಟ್ಟೆಗೆ ತುಪ್ಪ ಹಾಕಲಿಲ್ಲ. ಇವರಿಗೇನು ಗೊತ್ತು? ಆ ಹಾಡು ಹೋದರೆ ನನ್ನದೇ ಹೋಗುವುದು, ಉಳಿದರೆ ಅವಳದೇ ಉಳಿಯುವುದು. ಹೋಗಲಿ.

ಆಗಸ್ಟ್ ೧, ಗುರುವಾರ

ತಾಂಡೂರಿಗೆ ಹೋಗಿ ಬಂದೆ. ಇವತ್ತು ಬರೆಯಲಾರೆ.

ಆಗಸ್ಟ್ ೨, ಶುಕ್ರವಾರ

ಇವತ್ತು ಬರೆಯುತ್ತೇನೆ.

ಬಾಗಿಲು ತೆರೆದವಳು ಮಂಗಲಾನೇ. ಕುತ್ತಿಗೆಗೆ ಸೆರಗು ಸುತ್ತಿಕೊಂಡಿದ್ದಳು. ಬಾ ಎನ್ನಲಿಲ್ಲ, ಕೈ ಮಾಡಿದಳು. ಕೂಡು ಎನ್ನಲಿಲ್ಲ, ಚಾಪೆ ತೋರಿಸಿದಳು. ಓಹೋ, ಬಾಯಿಯನ್ನು ರೆಕಾರ್ಡಿಗೆ ಎತ್ತಿಟ್ಟಿದ್ದಾರೆ, ನಮಗೆ ಬರೀ ಕೈಯೇ ಎಂದುಕೊಂಡೆ. ಅವಳ ಗಂಡ ಸಂಜೀವಕುಮಾರನಿಗೆ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಇದೆ. ಮನೆಯ ನೆಲವೆಲ್ಲ ನುಣ್ಣನೆಯ ನೀಲಿ ಕಲ್ಲು. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು, ಅದೂ ಗಂಟು ಹಾಕಿಕೊಂಡೇ ಇತ್ತು.

ನೀರು ಕೊಟ್ಟಳು. ನಾನು ಕುಡಿಯದೆ, "ದೊಡ್ಡಾಕಿ ಆದಿ ನೋಡು. ಅಕ್ಕ ಮನಿಗಿ ಬಂದ್ರ ಎರಡ ಮಾತಿಗೂ ತುಟ್ಟಿ ಆತೇನು?" ಎಂದೆ.

ಅವಳು ಗಂಡನ ಕಡೆ ನೋಡಿದಳು. ಕೈಗೆ ಹತ್ತಿದ ಕಲ್ಲಿನ ಪುಡಿ ಒರೆಸಿಕೊಳ್ಳುತ್ತ ಅವನೇ ಹೇಳಿದ.

"ಆಕಿಗಿ ದನಿ ಇಲ್ಲರಿ ಅಕ್ಕಾರ. ಯುಗಾದಿ ಆದ ಮ್ಯಾಲ ಗಂಟಲದಾಗ ಗಂಟು ಅದ ಅಂದ್ರು. ಆಪರೇಶನ್ ಆತು. ಗಂಟು ಹೋಯ್ತು, ಅದರ ಜೋಡಿ ದನಿ ನರಾನೂ ಪೆಟ್ಟಾಯ್ತು. ಬಂದ್ರ ಬರಬಹುದು, ಇಲ್ಲಂದ್ರ ಇಲ್ಲ ಅಂತಾರ ಡಾಕ್ಟರು. ತವರಿಗಿ ಹೇಳಬ್ಯಾಡ ಅಂದ್ಲು. ರೆಕಾರ್ಡ್ ಬರ್ಲಿ, ಎಲ್ಲಾರೂ ಖುಷಿಲಿಂದ ಕೇಳಲಿ, ಆಮ್ಯಾಲ ಹೇಳಮು ಅಂದ್ಲು."

ನಾನು ನೀರಿನ ಚೆಂಬು ಹಿಡಿದುಕೊಂಡೇ ಕೂತಿದ್ದೆ. ಮಂಗಲಾ ಪಕ್ಕಕ್ಕೆ ಬಂದು ಕೂತು ನನ್ನ ಕೈಯಿಂದ ಚೆಂಬು ತೆಗೆದಿಟ್ಟಳು. ಕಿವಿಯ ಹತ್ತಿರ ಬಾಯಿ ತಂದು ಏನೋ ಅಂದಳು. ಬರೀ ಗಾಳಿ ಬಂದಂತಾಯಿತು. ಎರಡನೇ ಸಲ ಅಂದಾಗ ತಿಳಿಯಿತು: "ಅಳಬ್ಯಾಡ."

ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ.

ರೆಕಾರ್ಡು ಎಲ್ಲಿ ಎಂದೆ. ಕಪಾಟಿನಲ್ಲಿ ಸೀರೆಗಳ ಕೆಳಗಿನಿಂದ ತೆಗೆದಳು. ಪ್ಲಾಸ್ಟಿಕ್ ಬಿಚ್ಚಿರಲಿಲ್ಲ. ಯಾಕೆ ಬಿಚ್ಚಿಲ್ಲ ಎಂದೆ. ಅವರ ಮನೆಯಲ್ಲಿ ಮೆಷಿನ್ನೇ ಇಲ್ಲ. ಅವಳು ತನ್ನ ರೆಕಾರ್ಡನ್ನು ತಾನೇ ಕೇಳಿಲ್ಲ.

"ಹಂಗಾದ್ರ ಒಂದು ಸಾಲೂ ಕೇಳಿಲ್ಲೇನು?"

ಅವಳು ಫೋನ್ ತೆಗೆದು ಒತ್ತಿದಳು. ನಾನು ಕಳಿಸಿದ ವಿಡಿಯೋ. ಖರ್ ಖರ್, ನೀ ಸಾಕ್ಷಿ, ನೀ ಸಾಕ್ಷಿ, ನೀ ಸಾಕ್ಷಿ. ಅದರ ಹಿಂದೆ ನನ್ನ ನಗುವೂ ಸಣ್ಣಗೆ ಕೇಳಿಸುತ್ತಿತ್ತು.

"ಇದನ್ನ ದಿನಾ ಕೇಳ್ತೀನಿ ಅಕ್ಕಾ," ಎಂದಳು ನನ್ನ ಕಿವಿಯಲ್ಲಿ. "ನೀ ಕಳಿಸಿದ್ದು ಭಾಳ ಚಲೋ ಆತು. ಹಿಂಗಿತ್ತು ನನ್ನ ದನಿ ಅಂತ ಗೊತ್ತಾಗ್ತದ."

ಮುಖದಲ್ಲಿ ಕೊಂಕು ಇದೆಯೇನೋ ಎಂದು ಹುಡುಕಿದೆ. ಇದ್ದಿದ್ದರೆ ಒಳ್ಳೆಯದಿತ್ತು.

ಹೊರಡುವಾಗ ಕಂಪನಿಯವರಿಗೆ ಬೇಕಂತಲ್ಲ ಎಂದು ರೆಕಾರ್ಡನ್ನು ನನ್ನ ಕೈಗೆ ಇಟ್ಟಳು. ನಾನು ಅದನ್ನು ಮತ್ತೆ ಅವಳ ಸೀರೆಗಳ ಕೆಳಗೆ ಇಟ್ಟು ಬಂದೆ. ಜಹೀರಾಬಾದಿಗೆ ನೀನೇ ತಗೊಂಡು ಬಾ, ನಮ್ಮ ಮನೆಯಲ್ಲಿ ಕೇಳು ಎಂದೆ. ಬಸ್ಸು ಹತ್ತಿದ ಮೇಲೆ ನೆನಪಾಯಿತು, ಅದೂ ಖರಾಬೇ ಇದ್ದರೆ? ಗೋಡೌನಿನಲ್ಲಿ ಇರುವುದನ್ನೆಲ್ಲ ನಾನೇ ಒಡೆಸುತ್ತಿದ್ದೇನಲ್ಲ. ಮುಂದೆ ಅವಳು ಏನು ಕೇಳಬೇಕು?

ಆಗಸ್ಟ್ ೩, ಶನಿವಾರ

ಸ್ವರೂಪಾಳ ಫೋನು ಇಡೀ ದಿನ ಬಂದ್. ಕಂಪನಿಯ ನಂಬರನ್ನೂ ಯಾರೂ ಎತ್ತಲಿಲ್ಲ. ಒಡೆಯಬೇಡಿರಿ ಎಂದು ಮೆಸೇಜ್ ಹಾಕಿದ್ದೇನೆ. ಇವರಿಗೆ ಎಲ್ಲ ಹೇಳಿದೆ. ಇವರು ಊಟ ಮಾಡಲಿಲ್ಲ.

ಆಗಸ್ಟ್ ೫, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಪೂಜೆಗೆ ಕೂತು ವಿಭೂತಿ ತೇಯುತ್ತಿದ್ದಾಗ ಸ್ವರೂಪಾಳ ಫೋನು ಬಂತು.

"ಒಡದ್ರೇನವ್ವ?" ಎಂದೆ, ಇನ್ನೇನೂ ಕೇಳದೆ.

"ಇಲ್ಲರಿ, ನಾಳಿ ಲಾರಿ ಬರ್ತದ. ಅಮ್ಮ, ಒಂದು ಮಾತು. ನೀವು ವಾಪಸ್ ಕಳಿಸಿದ್ದು ಮೂರೂ ದೊಡ್ಡ ಗಾಜು ಹಿಡದು ನೋಡೀವಿ. ಮೂರರಾಗೂ ಗೆರಿ ಗೆರಿ ನಡುವ ಬಿಳೀ ಪುಡಿ ಗಟ್ಟಿಯಾಗಿ ಕುಂತದ. ಬೂದಿ ಇದ್ದಂಗ ಅದ. ಸಾಬೂನು ನೀರಿನಾಗ ತೊಳದ್ರ ಎರಡು ಚಲೋ ಹಾಡಾಕತ್ತಾವ. ಏನರ ಹಚ್ಚಿದ್ರೇನ್ರಿ?"

ಬೂದಿಯಂತೆ! ನಮ್ಮ ಮನೆಯಲ್ಲಿ ಬೂದಿ ಹಚ್ಚಲು ಅದೇನು ತಿಕ್ಕುವ ಪಾತ್ರೆಯೇ? ಏನೂ ಹಚ್ಚಿಲ್ಲ, ನಿಮ್ಮ ಫ್ಯಾಕ್ಟರಿಯ ಧೂಳು ಅದು ಎಂದು ರೇಗಿದೆ. ಹಾಗೆ ಅನ್ನುತ್ತಿರುವಾಗಲೇ ನನ್ನ ಮೂರು ಬೆರಳು ಕಣ್ಣಿಗೆ ಬಿದ್ದವು. ಹಸಿ ವಿಭೂತಿ ಒಣಗಿ ಬೆರಳಿನ ಗೆರೆಗಳಲ್ಲೆಲ್ಲ ಬಿಳಿಯಾಗಿ ಕೂತಿತ್ತು.

ಬೆರಳನ್ನು ಸೆರಗಿಗೆ ಒರೆಸಿಕೊಂಡೆ. ಆಮೇಲೆ ಹೇಳಿದೆ. ನನ್ನ ಮನೆಯಲ್ಲಿ ಎರಡಕ್ಕೂ ನಾನೇ ಹಚ್ಚಿದ್ದು, ನಾರಾಯಣಖೇಡದ್ದಕ್ಕೆ ನಮ್ಮ ಅತ್ತೆ ಹಚ್ಚಿದ್ದು.

ಬೈಯುತ್ತಾಳೆ ಎಂದುಕೊಂಡೆ. ಅವಳು ನಗು ತಡೆದುಕೊಳ್ಳುತ್ತಿದ್ದಳು.

"ನಮ್ಮವ್ವ ಹೊಸಾ ಫ್ರಿಜ್ಜಿಗಿ ಅರಿಶಿಣ ಬಡದಾಳರಿ ಅಮ್ಮ, ಇನ್ನೂ ಹೋಗವಲ್ದು. ಆದ್ರ ನಮ್ಮ ಮಾಲೀಕರಿಗಿ ಬಾಯಿಮಾತು ನಡಿಯಂಗಿಲ್ಲ. ಬರದು ಕಳಸ್ರಿ."

ಬರೆದೆ. "ರೆಕಾರ್ಡಿನಲ್ಲಿ ಯಾವ ದೋಷವೂ ಇಲ್ಲ. ಮೂರನ್ನೂ ಕೆಡಿಸಿದ್ದು ನಾವು. ಮಂಗಲಾ ಹಾಡಿದ್ದನ್ನು ದಯವಿಟ್ಟು ಒಡೆಯಬೇಡಿರಿ." ತವರಿನ ಗುಂಪಿಗೂ ಅದನ್ನೇ ಹಾಕಿದೆ. ಬಂಡೆಪ್ಪ ಈ ಸಲ ಇನ್ನೂ ಹೆಚ್ಚು ನಗುವ ಮುಖ ಹಾಕಿದ. ಹಾಕಲಿ.

ಇವರು ಸಂಜೆ ಕೇಳಿ, "ಶಿವನೇ ಅಡ್ಡ ಬಂದು ಕುಂತಿದ್ದ, ಸೂಜಿ ತಾನರ ಏನ ಮಾಡತಿತ್ತು," ಎಂದರು. ತುಪ್ಪ ಹಾಕಿದೆ.

ಆಗಸ್ಟ್ ೮, ಗುರುವಾರ

ಲಾರಿ ಖಾಲಿ ಹೋಯಿತಂತೆ. ಮಾರಾಟ ಮತ್ತೆ ಶುರುವಾಗಿದೆ. ತೊಳೆದದ್ದರಲ್ಲಿ ಒಂದನ್ನು ಬಕ್ಕಪ್ಪ ಮಾವನಿಗೆ ಕಳಿಸುತ್ತಾರೆ. ಪೂಜೆಯನ್ನು ಕವರಿಗೆ ಮಾತ್ರ ಮಾಡಬೇಕೆಂದು ಮೋನಮ್ಮತ್ತೆಗೆ ಫೋನ್ ಮಾಡಿ ಹೇಳಿದೆ. ಮಾವ ಫೋನ್ ಕಸಿದುಕೊಂಡು, "ಆ ಖರ್ ಖರ್ ಬರ್ತದಿಲ್ಲ?" ಎಂದ.

ಇನ್ನೊಂದು ಸುದ್ದಿ. ಬೀಸುವ ಪದಗಳ ಎರಡನೇ ರೆಕಾರ್ಡು ಮಾಡುತ್ತಾರೆ. ಮಂಗಲಾ ಹಾಡಲಾರಳು ಎಂದು ಈಗ ಅವರಿಗೂ ಗೊತ್ತಾಗಿದೆ. ಉಳಿದ ಪದಗಳು ಯಾರಿಗೆ ಬರುತ್ತವೆ ಎಂದು ಕೇಳಿದ್ದಕ್ಕೆ ಅವಳು ನನ್ನ ಹೆಸರು ಬರೆದು ಕಳಿಸಿದ್ದಾಳೆ. "ಬರ್ತೀರೇನ್ರಿ ಅಮ್ಮ?" ಎಂದಳು ಸ್ವರೂಪಾ. ಯೋಚನೆ ಮಾಡಿ ಹೇಳುತ್ತೇನೆ ಎಂದೆ. ನಾನೇನೂ ಯೋಚನೆ ಮಾಡಬೇಕಾಗಿಲ್ಲ. ನನಗೆ ಬೇಕು. ಈ ಏಳು ತಿಂಗಳೂ ಬೇಕಿತ್ತು.

ಆದರೆ ಹೇಗೆ ಬಂತು ನೋಡು. ಊರಲ್ಲೆಲ್ಲ ಅಕ್ಕ ಉಟ್ಟು ಬಿಟ್ಟ ಸೀರೆ ತಂಗಿಗೆ. ನನಗೆ ಮಾತ್ರ ತಂಗಿ ಬಿಟ್ಟದ್ದು. ಅದನ್ನೂ ಅವಳೇ ಕೈಯೆತ್ತಿ ಕೊಡಬೇಕು. ಕೊಡುವುದರಲ್ಲೂ ಅವಳೇ ಮುಂದೆ. ಸಂಜೆಯ ತನಕ ಒಂದು ಸಾಲೂ ಗುನುಗಲಿಲ್ಲ.

ಆಗಸ್ಟ್ ೧೨, ಸೋಮವಾರ

ಬೆಳಿಗ್ಗೆ ಸಂಜೀವಕುಮಾರ ಮಂಗಲಾಳನ್ನು ಬಿಟ್ಟು ಹೋದ. ಬಟ್ಟೆ ಚೀಲದಲ್ಲಿ ರೆಕಾರ್ಡು. ಭಜನೆಯವರಿಗೆ ಇವತ್ತು ನನ್ನನ್ನು ಬಿಟ್ಟು ಮಾಡಿಕೊಳ್ಳಿರಿ ಎಂದು ಹೇಳಿ ಕಳಿಸಿದೆ.

ಪ್ಲಾಸ್ಟಿಕ್ಕನ್ನು ಅವಳೇ ಹರಿದಳು. ಇವರು ಸೂಜಿ ಇಟ್ಟರು. ಒಂದು ಚೂರೂ ಖರ್ ಎನ್ನಲಿಲ್ಲ. ಮೊದಲು ಕಲ್ಲು ತಿರುಗುವ ಸಪ್ಪಳ, ಅದರ ಮೇಲೆ ಬಳೆ, ಅದರ ಮೇಲೆ ಅವಳ ದನಿ. ಕಲ್ಲವ್ವ ನೀ ಸಾಕ್ಷಿ ಎಂದಿತು, ಮುಂದಕ್ಕೆ ಹೋಯಿತು. ಮಂಗಲಾ ನನ್ನ ಮೊಣಕಾಲು ಗಟ್ಟಿಯಾಗಿ ಹಿಡಿದುಕೊಂಡಳು.

ಅವಳ ತುಟಿ ಹಾಡಿನ ಜೊತೆಗೇ ಆಡುತ್ತಿತ್ತು. ದನಿ ಮೆಷಿನ್ನಿನಿಂದ ಬರುತ್ತಿತ್ತು. ಕಣ್ಣು ಮುಚ್ಚಿದರೆ ಹಾಡುತ್ತಿದ್ದಾಳೆ, ತೆರೆದರೆ ಇಲ್ಲ. ಎರಡನೇ ಪದದಲ್ಲಿ ನಾನು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಅವಳು ತೆಗೆದುಕೊಳ್ಳುವುದಿಲ್ಲ, ಹಾಗೇ ಎಳೆದು ಮುಂದಿನ ಸಾಲಿಗೆ ಕೂಡಿಸುತ್ತಾಳೆ. ಅದನ್ನು ನಾನು ಕಲಿಸಿದ್ದಲ್ಲ. ಯಾವಾಗ ಕಲಿತಳೋ.

ಮೂರನೇ ಪದ ಮುಗಿದ ಮೇಲೆ ತಟ್ಟೆಯಿಂದಲೇ ಸ್ವರೂಪಾಳ ದನಿ ಬಂತು. ಈ ಪದಾ ಯಾರು ಕಲಿಸಿದ್ರಿ ಎಂದು ಕೇಳುತ್ತಾಳೆ. ನಾನು ಮುಂದಕ್ಕೆ ಬಾಗಿ ಕೂತೆ. "ನಮ್ಮ ಅಜ್ಜಿರಿ, ಸುಂದರಬಾಯಿ ಅಂತ," ಎಂದು ಮಂಗಲಾಳ ದನಿ. ಇನ್ನೂ ಹೇಳುತ್ತಾಳೆ ಎಂದು ಕಾದೆ. ನಾಲ್ಕನೇ ಪದ ಶುರುವಾಯಿತು.

ಹೊಟ್ಟೆ ಉರಿಯಿತು. ದನಿ ಕಳೆದುಕೊಂಡವಳು ನನ್ನ ಮೊಣಕಾಲು ಹಿಡಿದು ಕೂತಿದ್ದರೂ ಉರಿಯಿತು. ಸೂಜಿ ಎತ್ತಿಬಿಟ್ಟೆ. ಇವರು ನನ್ನ ಮುಖ ನೋಡಿ ಅಂಗಡಿಯ ಬೀಗದ ಕೈ ತೆಗೆದುಕೊಂಡು ಎದ್ದು ಹೋದರು.

"ಅಜ್ಜಿ ಕಲಿಸಿದ್ಲೇನು ನಿನಗ? ಅಜ್ಜಿ ತೀರಿಕೊಂಡಾಗ ನಿನಗ ಲಂಗದ ಲಾಡಿ ಕಟ್ಟಿಕೊಳ್ಳಾಕ ಬರತಿದ್ದಿಲ್ಲ. ಯಾರು ಕಲಿಸಿದ್ರು ಹೇಳು."

ಅವಳು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಯನ್ನು ತನ್ನ ಬಾಯಿಯ ಹತ್ತಿರ ತಂದುಕೊಂಡಳು.

"ನಿನ್ನ ಹೆಸರು ಬಾಯಿತನಾ ಬಂದಿತ್ತಕ್ಕಾ. ಹೇಳಲಿಲ್ಲ. ಹೇಳಿದ್ರ ಅವ್ರು ಮೈಕ್ ಎತ್ತಿಕೊಂಡು ನಿನ್ನ ಹುಡುಕ್ಕೊಂಡು ಹೋಗತಿದ್ರು. ಎಲ್ಲಾರೂ ಹಂಗೇ ಮಾಡ್ತಾರ. ಜಗದೇವಿ ಬರ್ಲಿ, ಜಗದೇವಿ ಹಾಡ್ಲಿ. ಸಣ್ಣಾಕಿ ಇದ್ದಾಗಿಂದ ಅದೇ ಕೇಳೀನಿ. ಒಂದ್ ಸಲಾ ನಾ ಒಬ್ಬಾಕಿನೇ ಇರಬೇಕು ಅನಿಸ್ತು."

ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ದಣಿವಾಗಿ ಗೋಡೆಗೆ ಒರಗಿದಳು. ನಾನು ಅವಳನ್ನೇ ನೋಡಿದೆ. ಈ ಉರಿ ನನಗೊಬ್ಬಳಿಗೇ ಇದೆ ಎಂದು ಇಷ್ಟು ವರ್ಷ ತಿಳಿದಿದ್ದೆ. ನನ್ನಿಂದ ಅವಳು ಹಾಡನ್ನಷ್ಟೇ ಕಲಿತಿಲ್ಲ.

"ನಿನ್ನ ಜಾಗಾದಾಗ ನಾ ಇದ್ರೂ ಹೇಳತಿದ್ದಿಲ್ಲ ತಗೋ," ಎಂದೆ.

ಅವಳಿಗೆ ನಗು ಬಂತು. ಸಪ್ಪಳವಿಲ್ಲ, ಭುಜ ಮಾತ್ರ ಕುಣಿದವು. ನನಗೂ ನಗು ಬಂತು. ಉಳಿದ ಹಾಡೆಲ್ಲ ಕೇಳಿದೆವು. ತಿರುವಿ ಹಾಕಿ ಮತ್ತೆ ಮೊದಲಿಂದ ಕೇಳಿದೆವು.

ಎರಡನೇ ರೆಕಾರ್ಡಿನ ಮಾತನ್ನು ಅವಳೇ ತೆಗೆದಳು. ನಾನು ಇನ್ನೂ ಒಪ್ಪಿಲ್ಲ ಎಂದು ಸ್ವರೂಪಾ ಹೇಳಿದ್ದಾಳಂತೆ. ಕೆನ್ನೆಗೆ ಒಂದು ಏಟು ಹಾಕುವಂತೆ ಕೈ ಎತ್ತಿ ತೋರಿಸಿ, ಮತ್ತೆ ನನ್ನ ಕಿವಿಗೆ ಬಂದಳು.

"ಹೋಗಿ ಹಾಡು. ಯಾರ ಜೋಡಿ ಬೀಸತಿದ್ರಿ, ಯಾರ ಜೋಡಿ ಹಾಡತಿದ್ರಿ ಅಂತ ಕೇಳ್ತಾರ. ನನ್ನ ಹೆಸರು ಹೇಳಬ್ಯಾಡ. ಲೆಕ್ಕ ಸಮಾ ಆಗ್ತದ."

ಈಗ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ. ಬೇಡವೆಂದರೂ ಕೇಳಲಿಲ್ಲ. ನನ್ನ ರೊಟ್ಟಿಗಿಂತ ತೆಳ್ಳಗೆ ಬಡಿಯುತ್ತಾಳೆ ಎಂದು ಅಂಗಡಿಯಿಂದ ಬಂದ ಇವರು ಈಗಾಗಲೇ ಎರಡು ಸಲ ಅಂದಾಯಿತು.

ಸ್ವರೂಪಾಳಿಗೆ ಬರುತ್ತೇನೆ ಎಂದು ಮೆಸೇಜ್ ಹಾಕಿದ್ದೇನೆ. ಲೆಕ್ಕ ಸಮ ಮಾಡಿಕೊಳ್ಳಲು ಇವಳನ್ನು ಅಷ್ಟು ಸುಲಭಕ್ಕೆ ಬಿಡುತ್ತೇನೆಯೇ? ಮೈಕಿನ ಮುಂದೆ ಕೂತ ತಕ್ಷಣ, ಅವರು ಕೇಳುವ ಮುಂಚೆಯೇ, ನನ್ನ ತಂಗಿ ಮಂಗಲಾಳ ಜೊತೆ ಹಾಡುತ್ತಿದ್ದೆ, ಅವಳು ನನಗಿಂತ ಚೆಂದ ಹಾಡುತ್ತಾಳೆ ಎಂದು ಹೇಳಿಬಿಡುತ್ತೇನೆ. ತಟ್ಟೆಯ ಮೇಲೆ ಬಂದರೆ ಅಳಿಸಲೂ ಆಗುವುದಿಲ್ಲ. ಕೇಳಿ ಕೇಳಿ ಉರಿದುಕೊಳ್ಳಲಿ.